ಅರ್ಜಿಯ ಮೂಲೆಯ ಗುರುತು

ಚಳಿ ಮುಗಿದು ಬಿಸಿಲು ಇನ್ನೂ ಬಲಿಯದ ಕಾಲ. ಗುರುವಾರ, ಬೆಳಗ್ಗೆ ಹತ್ತೂಕಾಲು ಗಂಟೆ. ವಿಶ್ವವಿದ್ಯಾಲಯದ ಕಚೇರಿಯ ಮೂರನೇ ಕಿಟಕಿಯಿಂದ ನನ್ನ ಮೊಮ್ಮಗಳ ಅರ್ಜಿ ಹಾರಿ ಬಂದು ನನ್ನ ಕಾಲ ಬಳಿ ಬಿತ್ತು.

"ಏನ್ರೀ ಇದು? ಪ್ರತಿ ಹಾಳೆ ಮೂಲೇಲೂ ಕಾಗೆ ಹೇತ ಹಾಗಿದೆ!" ಕಿಟಕಿಯ ಗುಮಾಸ್ತ ಕೂಗಿದ. "ಓದೋಕೆ ಬರುತ್ತೆ ತಾನೆ? ನಿಯಮ ಹನ್ನೊಂದು. ಸಂಶೋಧನೆಯ ಪ್ರಸ್ತಾವದ ಮೇಲೆ ಹೆಸರಾಗಲಿ ಗುರುತಾಗಲಿ ಇರಬಾರದು. ಯಾರದ್ದು ಅಂತ ತಿಳೀದೆ ಓದಬೇಕು ಅವರು. ಗುರುತಿದ್ರೆ ತಿರಸ್ಕೃತ. ಮುಂದಿನ ವರ್ಷ ಬಾ, ಹೋಗು."

"ಮುಂದಿನ ವರ್ಷಕ್ಕೆ ನನ್ನ ವಯಸ್ಸು ಮೀರುತ್ತೆ ಸಾರ್. ಇವತ್ತೇ ಕೊನೇ ದಿನ," ಎಂದಳು ಮೊಮ್ಮಗಳು.

"ಹಾಗಾದ್ರೆ ಬಿಡು. ಇಸ್ತ್ರಿಪೆಟ್ಟಿಗೆ ಹಿಡಿಯೋಕೇನು ವಯಸ್ಸಿನ ಮಿತಿ ಇಲ್ವಲ್ಲ."

ಸಾಲಿನಲ್ಲಿದ್ದ ನಾಲ್ಕೈದು ಹುಡುಗರು ನಕ್ಕರು. ನಮ್ಮ ಕಸುಬು ಅವನಿಗೆ ಗೊತ್ತು. ಅವನು ತೊಟ್ಟಿದ್ದ ಅಂಗಿಗೆ ಹಿಂದಿನ ದಿನ ಇಸ್ತ್ರಿ ಹಾಕಿದ್ದವಳು ನಾನೇ.

ಮೊಮ್ಮಗಳು ಕುಕ್ಕರುಗಾಲಿನಲ್ಲಿ ಕೂತು ಹಾಳೆಗಳನ್ನು ಆಯ್ದುಕೊಂಡಳು. ಒಂದು ಹಾಳೆಯ ಮೂಲೆ ನೋಡಿದಳು. ಇನ್ನೊಂದು ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು.

"ಅಜ್ಜೀ, ಇದು ನಿನ್ನ ಕೆಲಸಾನಾ?"

"ನಂದೇ ಕಣೇ."

ಸುಳ್ಳು ಹೇಳಿ ಏನು ಮಾಡಲಿ? ಹಿಂದಿನ ದಿನ ಅವಳು ಲಕೋಟೆ ತರಲು ಅಂಗಡಿಗೆ ಹೋಗಿದ್ದಳು. ಹನ್ನೆರಡು ಹಾಳೆ, ಐದು ಪ್ರತಿ, ಇಸ್ತ್ರಿ ಮೇಜಿನ ಮೇಲೆ ಇಟ್ಟಿದ್ದಳು. ಪಿಎಚ್.ಡಿ.ಯ ಎಂಟು ಜಾಗಕ್ಕೆ ಇನ್ನೂರು ಅರ್ಜಿ ಬೀಳುತ್ತವಂತೆ ಅಂತ ಬೆಳಗ್ಗೆ ಅವಳೇ ಹೇಳಿದ್ದಳು. ಆ ಮಾತು ನನ್ನ ಹೊಟ್ಟೆಯೊಳಗೆ ಕೂತಿತ್ತು. ಇನ್ನೂರು ಮನೆಯ ಬಟ್ಟೆಯ ನಡುವೆ ಗುರುತಿಲ್ಲದ ಬಟ್ಟೆ ಹೋದರೆ ಅದು ತನ್ನ ಮನೆಗೆ ತಿರುಗಿ ಬರುವುದುಂಟೇ? ಅರವತ್ತು ವರ್ಷದಿಂದ ಒಗೆಯುತ್ತಿದ್ದೇನೆ, ಬಂದದ್ದನ್ನು ಕಾಣೆ. ಗುರುತಿನ ಮಸಿಯಲ್ಲಿ ಕಡ್ಡಿ ಅದ್ದಿ ಅರವತ್ತು ಹಾಳೆಗೂ ನಮ್ಮ ಮನೆಯ ಗುರುತು ಹಾಕಿದೆ. ಉಬ್ಬೆಗೆ ಹಾಕಿ ಬೇಯಿಸಿದರೂ ಹೋಗದ ಮಸಿ ಅದು. ಬಟ್ಟೆ ಹರಿದು ಚಿಂದಿಯಾದರೂ ಗುರುತು ಉಳಿಯುತ್ತದೆ. ಒಳ್ಳೆಯ ಕೆಲಸ ಮಾಡಿದೆ ಎಂದು ಆ ಸಂಜೆ ಒಂದು ಲೋಟ ಚಹಾ ಹೆಚ್ಚಿಗೆ ಕುಡಿದಿದ್ದೆ.

ಬೈಯುತ್ತಾಳೆ ಅಂದುಕೊಂಡೆ. ಅವಳ ತುಟಿ ಅದುರಿತು. ಅಳುವೇನೋ ಎಂದು ನೋಡಿದರೆ ನಗು!

"ಥೂ ಮುದುಕಿ! ಅರವತ್ತಕ್ಕೆ ಅರವತ್ತೂ ಹಾಕಿದೀಯಲ್ಲೇ!"

"ಒಂದೂ ಬಿಟ್ಟಿಲ್ಲ."

"ಆಹಾ, ದೊಡ್ಡ ಉಪಕಾರ." ಸೆರಗಿನಿಂದ ನನ್ನ ಮುಖದ ಬೆವರು ಒರೆಸಿ ಎದ್ದು ಮತ್ತೆ ಕಿಟಕಿಗೆ ಹೋದಳು. "ಸಾರ್, ಬೇರೆ ದಾರಿ ಇಲ್ವಾ? ಅರವತ್ತೂ ಹಾಳೆ ಕೈಯಲ್ಲಿ ಬರೆದದ್ದು, ಇವತ್ತೇ ಮತ್ತೆ ಬರೆಯೋಕಾಗಲ್ಲ."

"ವಿಭಾಗದ ಮುಖ್ಯಸ್ಥರು ಬರೆದುಕೊಟ್ರೆ ತಗೋತೀನಿ. ಅವರು ಬರೆಯಲ್ಲ. ಕಿಟಕಿ ಹನ್ನೆರಡಕ್ಕೆ ಮುಚ್ಚುತ್ತೆ."

ಮುಖ್ಯಸ್ಥರೆಂದರೆ ದೊಡ್ಡ ಮೇಷ್ಟ್ರು. ಅವರ ಕೋಣೆ ಮೇಲಿನ ಮಹಡಿಯಲ್ಲಿ. ಮೆಟ್ಟಿಲು ಹತ್ತುವಾಗ ನನಗೆ ಮೊಣಕಾಲು ನೋವಿಗಿಂತ ನೆನಪೇ ಹೆಚ್ಚು ಕಾಡಿತು.

ಮೂವತ್ತು ವರ್ಷದ ಹಿಂದೆ ಅವರು ಮೀಸೆ ಚಿಗುರಿದ ಹುಡುಗ. ನಮ್ಮ ಒಗೆಯುವ ಕಲ್ಲುಗಳ ಹತ್ತಿರ ಮೂರು ದಿನ ಬಂದಿದ್ದರು. ಒಂದು ಛತ್ರಿ, ಒಂದು ನೋಟುಪುಸ್ತಕ. ಎಷ್ಟು ಮಕ್ಕಳು, ಗಂಡ ಕುಡಿಯುತ್ತಾನಾ, ಹೊಡೆಯುತ್ತಾನಾ, ಇಂಥವೇ ಪ್ರಶ್ನೆ. ಆಮೇಲೆ ಬಟ್ಟೆಯ ಗುರುತಿನ ಮಾತು ಬಂತು. ಗೀಟು ಎಂದರೆ ಬೀದಿ, ಚುಕ್ಕಿ ಎಂದರೆ ಮನೆ, ಅಂತ ಹೇಳಿದೆ. ಗುರುತಿನ ಕೊನೆಯಲ್ಲಿ ಈ ಬಾಲ ಏಕೆ ಎಂದರು. "ಸುಮ್ನೆ ಚಂದಕ್ಕೆ ಸ್ವಾಮಿ," ಅಂದೆ. ಅದನ್ನೂ ಬರೆದುಕೊಂಡು ಹೋದರು.

ಆ ಮೂರು ದಿನದ ಮೇಲೆ ಬರೆದ ಪುಸ್ತಕದಿಂದಲೇ ಅವರು ದೊಡ್ಡವರಾದದ್ದು. ಮೊಮ್ಮಗಳು ಎಂ.ಎ. ಓದುವಾಗ ಒಂದು ದಿನ ಇಸ್ತ್ರಿ ಮೇಜಿನ ಪಕ್ಕ ನಿಂತು ನನಗದನ್ನು ಓದಿ ಹೇಳಿದಳು: "ಮೂರನೆಯ ಚಿಹ್ನೆ ಕೇವಲ ಅಲಂಕಾರ. ಈ ಜನರಿಗೆ ಮನೆಗಳನ್ನು ಎಣಿಸಲು ಬರುತ್ತದೆ, ಅಳೆಯಲು ಬರುವುದಿಲ್ಲ." ನಾನು ನಕ್ಕ ರಭಸಕ್ಕೆ ಬಾಯಲ್ಲಿದ್ದ ಚಹಾ ಮೂಗಿಗೆ ಹತ್ತಿತು. ಯಾಕಜ್ಜಿ ನಗ್ತೀಯ, ಯಾಕಜ್ಜಿ ನಗ್ತೀಯ ಎಂದು ಅವಳು ಬೆನ್ನು ಹತ್ತಿದಳು. ಹೇಳಿದೆ.

ಬಾಲ ಎಂದರೆ ಆ ಮನೆಯವರ ನಡತೆ. ಕೂರಿಸಿ ನೀರು ಕೊಡುವ ಮನೆಗೆ ಮೇಲಕ್ಕೆ ಸುಳಿ. ಗದರಿದರೂ ಮನಸ್ಸು ಒಳ್ಳೆಯದಿದ್ದರೆ ಅಡ್ಡ ಸುಳಿ. ಮಹಡಿಯಿಂದಲೇ ಗಂಟು ಎಸೆಯುವ ಮನೆಗೆ ಕೆಳಗೆ ಕೊಕ್ಕೆ. ಹೆಣ್ಣುಮಕ್ಕಳು ಒಬ್ಬರೇ ಹೋಗಬಾರದ ಮನೆಗೆ ಎರಡು ಕೊಕ್ಕೆ. ಹೊಸ ಸೊಸೆ ಬಂದರೆ ಅಡುಗೆಗಿಂತ ಮೊದಲು ನಾವು ಕಲಿಸುವುದು ಇದನ್ನೇ. ಗುರುತು ಕೂರುವುದು ಕತ್ತಿನ ಪಟ್ಟಿಯ ಒಳಗೆ. ಹೀಗೆ ಊರಿನ ದೊಡ್ಡವರೆಲ್ಲ ತಮ್ಮ ಯೋಗ್ಯತೆಯನ್ನು ತಮ್ಮದೇ ಕತ್ತಿನ ಹಿಂದೆ ಹೊತ್ತುಕೊಂಡು ಓಡಾಡುತ್ತಾರೆ. ನಾವು ಅದನ್ನು ಗಂಜಿ ಹಾಕಿ, ಗರಿಗರಿ ಮಾಡಿ, ಅವರ ಕೈಗೇ ಕೊಡುತ್ತೇವೆ.

ಅವಳ ಅರ್ಜಿಯ ಹನ್ನೆರಡು ಹಾಳೆಯಲ್ಲಿ ಇದ್ದದ್ದು ಇದೇ.

ದೊಡ್ಡ ಮೇಷ್ಟ್ರ ಕೋಣೆಯಲ್ಲಿ ಅವರೂ ಇನ್ನೊಬ್ಬ ಮೇಡಮ್ಮೂ ಚಹಾ ಕುಡಿಯುತ್ತಿದ್ದರು. ದಪ್ಪ ಕನ್ನಡಕದ ಮೇಡಂ, ಅಲ್ಲೇ ಪಾಠ ಮಾಡುವವರು. ಜವಾನ ಬಿಸ್ಕತ್ತಿನ ತಟ್ಟೆ ಹಿಡಿದು ನಿಂತಿದ್ದ.

"ಅಲ್ಲೇ, ಅಲ್ಲೇ ನಿಲ್ಲಿ," ಎಂದರು ದೊಡ್ಡ ಮೇಷ್ಟ್ರು. "ನೆಲಹಾಸು ಹೊಸದು."

ಬಾಗಿಲ ಬಳಿಯೇ ನಿಂತೆವು. ಮೊಮ್ಮಗಳು ನಡೆದದ್ದನ್ನು ಹೇಳಿದಳು. ಅವರು ಅರ್ಜಿಯ ಮೊದಲ ಹಾಳೆಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿದರು.

"ಓ, ನೀವಾ? ಸಮಾಜಶಾಸ್ತ್ರ ಅಂದ್ರೆ ಸೋಪಿನಪುಡಿ ಅಂದ್ಕೊಂಡ್ಯೇನಮ್ಮಾ, ನೀರಿಗೆ ಹಾಕಿದ ಕೂಡ್ಲೆ ನೊರೆ ಬರೋಕೆ?" ಮೇಡಂ ಕಡೆ ತಿರುಗಿದರು. "ನೋಡಿ, ಇವರ ಮೇಲೆ ನಾನು ಮುನ್ನೂರು ಪುಟ ಬರೆದಿದೀನಿ. ಇವರು ವಿಷಯ. ವಿಷಯವೇ ಎದ್ದು ಬಂದು ಕುರ್ಚಿ ಕೇಳಿದ್ರೆ ಹೇಗೆ? ಕಪ್ಪೆ ಮೇಜಿನ ಮೇಲಿಂದ ಎದ್ದು, ನನ್ನ ನಾನೇ ಕೊಯ್ಕೋತೀನಿ ಕತ್ತರಿ ಕೊಡಿ ಅಂದ್ರೆ ಕೊಡ್ತಾರಾ?"

"ಎಲ್ಲಿ ನೋಯುತ್ತೆ ಅಂತ ಕಪ್ಪೆಗಾದ್ರೆ ಗೊತ್ತಿರುತ್ತೆ ಸಾರ್," ಎಂದಳು ಮೊಮ್ಮಗಳು.

ಮೇಡಮ್ಮಿಗೆ ಚಹಾ ನೆತ್ತಿಗೇರಿತು. ಜವಾನ ಬಿಸ್ಕತ್ತಿನ ತಟ್ಟೆಯನ್ನು ಮುಖಕ್ಕೆ ಅಡ್ಡ ಹಿಡಿದ.

ದೊಡ್ಡ ಮೇಷ್ಟ್ರ ಮುಖ ಕೆಂಪಾಯಿತು. ಅವಳನ್ನು ಬಿಟ್ಟು ನನ್ನ ಮೇಲೆ ಹರಿಹಾಯ್ದರು. "ಏನೇ ಮುದುಕಿ, ಇದು ನಿನ್ನ ಕೆಲಸ ತಾನೆ? ಕೊಳೆ ಬಟ್ಟೆ ಹಿಡಿಯೋ ಕೈ ಕಾಗದ ಯಾಕೆ ಮುಟ್ಟಬೇಕು? ಗುರುತು ಹಾಕೋದೇ ದೊಡ್ಡ ವಿದ್ಯೆ ಅಂತ ತಿಳ್ಕೊಂಡ್ಯಾ? ಕತ್ತೆಗೂ ಗುರುತು ಹಾಕ್ತಾರೆ."

ಮಾತಾಡಬೇಕಾದವಳು ನಾನಲ್ಲ, ಅವಳು. ಮೊಮ್ಮಗಳು ಹೊಸ ನೆಲಹಾಸಿನ ಮೇಲೆ ಮೂರು ಹೆಜ್ಜೆ ನಡೆದು ಮೇಜಿನ ಹತ್ತಿರ ಹೋದಳು.

"ಸಾರ್, ಒಂದು ನಿಮಿಷ. ಈ ಗುರುತು ನೋಡಿ ಇದು ಯಾರ ಮನೇದು ಅಂತ ಹೇಳಿ."

ಅವರು ಕನ್ನಡಕ ಏರಿಸಿ ನೋಡಿದರು. "ಗೀಟಿಲ್ಲ. ಚುಕ್ಕಿ ಇಲ್ಲ. ಬರೀ ಬಾಲ."

"ಹೌದು. ನಮ್ಮ ಮನೆ ಬಟ್ಟೆಗೆ ನಾವು ಬೀದಿ ಹಾಕಲ್ಲ, ಮನೇನೂ ಹಾಕಲ್ಲ. ನಮ್ಮ ಮನೆ ನಮಗೆ ಗೊತ್ತಿರುತ್ತಲ್ಲ? ಬಾಲ ಒಂದೇ. ನಿಮ್ಮ ಪುಸ್ತಕದ ಎಪ್ಪತ್ತೆರಡನೇ ಪುಟದಲ್ಲಿ ಬಾಲ ಬರೀ ಅಲಂಕಾರ ಅಂತ ಬರೆದಿದೀರಿ. ಅಲಂಕಾರ ಆದ್ರೆ ಅದು ಗುರುತಲ್ಲ. ಹಾಳೆ ಮೂಲೇಲಿ ಹೂ ಬಿಡಿಸಬಾರದು ಅಂತ ನಿಯಮ ಹನ್ನೊಂದು ಹೇಳಿಲ್ಲ. ಅರ್ಜಿ ತಗೊಳ್ಳಿ. ಇಲ್ಲ, ಇದು ಗುರುತೇ ಅಂತೀರಾ? ಹಾಗಾದ್ರೆ ಎಪ್ಪತ್ತೆರಡನೇ ಪುಟ ತಪ್ಪು ಅಂತ ಇಲ್ಲೇ ಒಂದು ಸಾಲು ಬರೆದುಕೊಡಿ. ನಾನು ಅಜ್ಜೀನ ಕರ್ಕೊಂಡು ಮನೆಗೆ ಹೋಗ್ತೀನಿ."

ದೊಡ್ಡ ಮೇಷ್ಟ್ರು ಮೇಡಂ ಕಡೆ ನೋಡಿದರು.

"ಎಪ್ಪತ್ತೆರಡೇ ಸಾರ್," ಎಂದರು ಮೇಡಂ ಮೆಲ್ಲಗೆ. "ವರ್ಷಾ ವರ್ಷಾ ನಾನೇ ಪಾಠ ಮಾಡ್ತೀನಿ."

"ಅಧಿಕಪ್ರಸಂಗಿ!" ದೊಡ್ಡ ಮೇಷ್ಟ್ರು ಯಾರಿಗೆ ಅಂದರೋ. ಆಮೇಲೆ ನನ್ನ ಕಡೆ ನೋಡಿದರು, ಈ ಸಲ ಸರಿಯಾಗಿ, ಕಣ್ಣು ಕಿರಿದು ಮಾಡಿ. "ಆವತ್ತು ಕಲ್ಲಿನ ಹತ್ರ ಇದ್ದೋಳು ನೀನೇ ಅಲ್ವೇನೇ? ಚಂದಕ್ಕೆ ಅಂತ ನೀನೇ ಹೇಳಿದ್ದು. ಸುಳ್ಳು ಹೇಳಿದ್ಯಾ ನನಗೆ?"

"ಆವತ್ತು ನೀವು ದಡದ ಮೇಲೆ ಛತ್ರಿ ಹಿಡ್ಕೊಂಡು ನಿಂತಿದ್ರಿ ಸ್ವಾಮಿ. ನಾನು ಸೊಂಟದ ಮಟ್ಟ ನೀರಲ್ಲಿದ್ದೆ, ಕೊನೇ ಮಗೂಗೆ ಏಳು ತಿಂಗಳ ಬಸುರಿ. ಹತ್ತಿ ಬಾ, ಕೂತು ಮಾತಾಡೋಣ ಅಂತ ನೀವು ಅನ್ನಲಿಲ್ಲ. ನೀರಲ್ಲಿ ನಿಂತೋಳು ಅಷ್ಟೇ ಹೇಳೋದು."

ಮೇಡಂ ಕಪ್ಪು ಕೆಳಗಿಟ್ಟರು. ಅರ್ಜಿಯ ಒಂದು ಪ್ರತಿ ತೆಗೆದುಕೊಂಡು ಓದತೊಡಗಿದರು. ಮೂರನೇ ಹಾಳೆಗೆ ಬರುವಷ್ಟರಲ್ಲಿ ಅವರ ಭುಜ ಕುಣಿಯುತ್ತಿತ್ತು. ಐದನೇ ಹಾಳೆಗೆ ತಡೆಯಲಾರದೆ ಎದ್ದು ನನ್ನ ಹತ್ತಿರ ಬಂದು, ತಮ್ಮ ಕುಪ್ಪಸದ ಕತ್ತಿನ ಪಟ್ಟಿಯನ್ನು ಬೆರಳಲ್ಲಿ ಮಗುಚಿ ಬಗ್ಗಿದರು. "ಅಮ್ಮಾ, ನಂದೇನಿದೆ ನೋಡಿ ಹೇಳಿ. ಮುಚ್ಚಿಡಬೇಡಿ."

"ಅಡ್ಡ ಸುಳಿ ತಾಯಿ. ಗದರ್ತೀರಿ, ಆಮೇಲೆ ಮನೆ ಹುಡುಗರನ್ನ ಕರೆದು ಗಂಟು ಎತ್ತಿಸಿ ಕೊಡ್ತೀರಿ."

"ಗದರ್ತೀನಾ ನಾನು?"

"ನಾಯೀನೂ ಬಾಗಿಲಿಗೆ ಬರಲ್ಲ ತಾಯಿ."

ಮೇಡಂ ಗೊಳ್ಳೆಂದು ನಕ್ಕರು. ಜವಾನ ತಟ್ಟೆ ಕೆಳಗಿಟ್ಟು ತಾನೂ ಕಾಲರು ಮಗುಚಿದ. ನಿನಗೆ ಬಾಲ ಇಲ್ಲ ಮಗಾ, ನಿನ್ನ ಬಟ್ಟೆ ಒಗೆಯೋದು ನಿನ್ನ ಹೆಂಡ್ತಿ, ಅವಳು ಎಲ್ಲಿ ಗುರುತು ಹಾಕಿದಾಳೋ ನಿನಗೇ ಗೊತ್ತು ಅಂದೆ. ಅವನು ಬೆನ್ನು ಮುಟ್ಟಿ ನೋಡಿಕೊಂಡ. ಆ ಕೋಣೆಯಲ್ಲಿ ನಗದೆ ಇದ್ದವರು ಒಬ್ಬರೇ.

ಹನ್ನೊಂದೂ ನಲವತ್ತಾಯಿತು. ಮೊಮ್ಮಗಳು ನಗುತ್ತಲೇ ಇದ್ದಳು, ಆದರೆ ಅವಳ ಕೈ ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದಿತ್ತು. ಉಗುರು ಬೆಳ್ಳಗಾದದ್ದು ನನಗೆ ಕಂಡಿತು.

"ಬರೆದುಬಿಡಿ ಸಾರ್," ಎಂದರು ಮೇಡಂ. "ಪುಸ್ತಕಾನೇ ಉಳೀಲಿ."

ದೊಡ್ಡ ಮೇಷ್ಟ್ರು ಪೆನ್ನು ತೆಗೆದರು. ಬಹಳ ಹೊತ್ತು ಹಾಳೆ ನೋಡಿದರು. ಆಮೇಲೆ ಬರೆದರು: "ಮೂಲೆಯಲ್ಲಿ ಇರುವುದು ಅಲಂಕಾರ, ಗುರುತಲ್ಲ. ಸ್ವೀಕರಿಸಿ." ಕೆಳಗೆ ಸಹಿ. ಕಾಗದವನ್ನು ಮೇಜಿನ ಮೇಲೆ ತಳ್ಳಿದರು.

ನಾವು ಬಾಗಿಲು ದಾಟುತ್ತಿದ್ದೆವು. ಹಿಂದಿನಿಂದ ಸಣ್ಣ ದನಿ ಬಂತು. ಆ ಗಂಟಲಲ್ಲಿ ಅಷ್ಟು ಸಣ್ಣ ದನಿ ಇರುವುದೇ ನನಗೆ ಗೊತ್ತಿರಲಿಲ್ಲ.

"ನಂದು ಯಾವ ಬಾಲ?"

ತಿರುಗಿ ನೋಡಿದೆ. ಅವರ ಬೆರಳು ಕೋಟಿನ ಕಾಲರಿನ ಒಳಗೆ ಹೋಗಿತ್ತು.

"ಅದು ಇವಳ ಪುಸ್ತಕದಲ್ಲಿ ಬರುತ್ತೆ ಸ್ವಾಮಿ," ಅಂದೆ. "ಮೂರ್ನಾಲ್ಕು ವರ್ಷ ಆಗುತ್ತಂತೆ. ಕಾಯಿರಿ."

ಕೆಳಗೆ ಗುಮಾಸ್ತ ಆ ಸಾಲನ್ನು ಎರಡು ಸಲ ಓದಿದ, ಕಾಗದವನ್ನು ಬೆಳಕಿಗೆ ಹಿಡಿದೂ ನೋಡಿದ. ಹನ್ನೆರಡಕ್ಕೆ ಆರು ನಿಮಿಷ ಇರುವಾಗ ಮೊಹರು ಬಿತ್ತು. ಅಷ್ಟರಲ್ಲಿ ಜವಾನ ಮೆಟ್ಟಿಲಿಳಿದು ಬಂದು ಸಾಲಿನಲ್ಲಿದ್ದವರಿಗೆಲ್ಲ ಸುದ್ದಿ ಹಂಚಿದ್ದ. ಬೆಳಗ್ಗೆ ನಕ್ಕ ಹುಡುಗರು ಒಬ್ಬರ ಕಾಲರು ಒಬ್ಬರು ಎಳೆದು ನೋಡುತ್ತಿದ್ದರು. ಗುಮಾಸ್ತ ರಸೀದಿ ಕೊಡುತ್ತಾ ಕಿಟಕಿಯಿಂದ ಮುಖ ಹೊರಗೆ ಹಾಕಿದ.

"ಅಜ್ಜೀ... ನಂದು?"

"ನಿನ್ನೆವರೆಗೂ ಚೆನ್ನಾಗಿತ್ತಪ್ಪ. ಸಂಜೆ ಆ ಅಂಗಿ ಕಳಿಸು, ಇನ್ನೊಂದೆಳೆ ಎಳೆಯೋದಿದೆ."

ಮನೆಯವರೆಗೂ ಮೊಮ್ಮಗಳು ನನ್ನ ತೋಳು ಬಿಡಲಿಲ್ಲ. ದಾರಿಯಲ್ಲಿ ಹೋಗುವವರ ಕತ್ತಿನ ಹಿಂದೆ ನೋಡುವುದು, ನನ್ನ ಪಕ್ಕೆಗೆ ತಿವಿಯುವುದು, ನಗುವುದು. ನನಗೂ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡಿತ್ತು.

ಮರುದಿನ ದೊಡ್ಡ ಮೇಷ್ಟ್ರ ಮನೆಯ ಗಂಟು ಬರಲಿಲ್ಲ. ಮೂವತ್ತು ವರ್ಷದಲ್ಲಿ ಒಂದು ಶುಕ್ರವಾರವೂ ತಪ್ಪಿರಲಿಲ್ಲ. ಅದರ ಮುಂದಿನ ವಾರ ಅದೇ ಬೀದಿಯ ಇನ್ನೆರಡು ಮನೆಗಳ ಗಂಟೂ ನಿಂತವು. "ಒಂದು ಅರ್ಜಿಗೆ ಮೂರು ಮನೆ ಹೋಯ್ತಲ್ಲತ್ತೆ," ಎಂದು ಸೊಸೆ ಕಲ್ಲಿಗೆ ಬಟ್ಟೆ ಕುಕ್ಕುತ್ತಾ ಹೇಳಿದಳು. ಕುಕ್ಕಿದ ರೀತಿಯಲ್ಲಿ ಸಿಟ್ಟಿತ್ತು. ತನ್ನ ಮಗಳ ಮೇಲಲ್ಲ, ಆ ಮನೆಗಳ ಮೇಲೆ.

ಆಯ್ಕೆಯಾದವರ ಪಟ್ಟಿ ಬಂದದ್ದು ಮೊದಲ ಮಳೆ ಬಿದ್ದ ವಾರ. ಓದಿದವರು ಬೇರೆ ಊರಿನ ಮೇಷ್ಟ್ರುಗಳಂತೆ, ಯಾರ ಅರ್ಜಿ ಎಂದು ಅವರಿಗೆ ಗೊತ್ತಿರಲಿಲ್ಲವಂತೆ. ಎಂಟು ಜನರಲ್ಲಿ ಇವಳು ಐದನೆಯವಳು. ಕಲಿಸಲು ಒಪ್ಪಿದವರು ಕನ್ನಡಕದ ಮೇಡಂ. ವಿಶ್ವವಿದ್ಯಾಲಯದ ವಸತಿಯಲ್ಲೇ ಇರಬೇಕು ಎಂದರು.

ಎರಡು ಜೊತೆ ಬಟ್ಟೆ, ಒಂದು ಚಾದರ, ಪುಸ್ತಕ ತುಂಬಿದ ಚೀಲ. ಮೊಮ್ಮಗಳು ಹೊರಟದ್ದು ಸೋಮವಾರ, ಬೆಳಗ್ಗೆ ಎಂಟೂ ಮುಕ್ಕಾಲಿಗೆ. ಅವಳು ಮನೆಮನೆಗೆ ಹೊರುತ್ತಿದ್ದ ಬಟ್ಟೆಯ ಗಂಟು ಅಂದಿನಿಂದ ನನ್ನ ತಲೆಗೆ ಬಂದಿದೆ. ಭಾರ ಇಲ್ಲ ಎಂದರೆ ಸುಳ್ಳಾಗುತ್ತದೆ.