ಉಳಿದರ್ಧ ಸಾಕ್ಷಿ

ನೀರು ಸುಡುತ್ತಿದೆ, ಇಷ್ಟು ಬಿಸಿ ಬೇಡ, ನೆತ್ತಿ ತಡೆಯೋಲ್ಲ, ಒಂದು ಚೊಂಬು ತಣ್ಣೀರು ಕೇಳೋಣವೆಂದರೆ ಟೈಲರ್ ಬೋಗುಣಿ ತಂದಿಟ್ಟವನೇ ಬಾಗಿಲಿಗೆ ಒರಗಿ ನಿಂತುಬಿಟ್ಟಿದ್ದಾನೆ, ಒಳಗೂ ಬರುತ್ತಿಲ್ಲ ಹೊರಗೂ ಹೋಗುತ್ತಿಲ್ಲ, ಕೊರಳಲ್ಲಿ ಅಳತೆಯ ಟೇಪು ಹಾಗೇ ನೇತಾಡುತ್ತಿದೆ, ತೆಗೆದಿಡೋದಕ್ಕೂ ನೆನಪಾಗಿಲ್ಲ ಪಾಪ — ಅವನ ಹೆಂಡತಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಾಳೆ, ಹೆಗಲ ಸುತ್ತ ನನ್ನ ಅಂಗಡಿಯ ಬಿಳಿ ಬಟ್ಟೆ, ಬಾಚಣಿಗೆ ತಾಗಿದರೆ ಸಾಕು ಕೂದಲು ಗೊಂಚಲು ಗೊಂಚಲಾಗಿ ಕೈಗೆ ಬರುತ್ತೆ, ಕೀಮೋ ಕೊಡೋಕೆ ಶುರು ಮಾಡಿದ ಮೇಲೆ ಹೀಗಂತೆ, ದಿಂಬಿನ ತುಂಬ ಕೂದಲು, ಅನ್ನದ ತಟ್ಟೆಯಲ್ಲೂ ಕೂದಲು, ಒಂದೇ ಸಲ ಬೋಳಿಸ್ಕೊಂಡುಬಿಡ್ತೀನಿ, ಪಾರ್ಲರ್ ಹುಡುಗಿ ಬೇಡ, ಪಾದ್ರಿ ಅಣ್ಣನ್ನೇ ಮನೆಗೆ ಕರೀರಿ ಅಂದಳಂತೆ. ಪಾದ್ರಿ ಅಂದರೆ ನಾನು. ನಿಜವಾದ ಪಾದ್ರಿ ಚರ್ಚಿನಲ್ಲಿದ್ದಾರೆ, ನಾನು ಕಟಿಂಗ್ ಶಾಪಿನವನು, ಆ ಹೆಸರಿಟ್ಟವನು ಇದೇ ಟೈಲರ್, ನನ್ನ ಅಂಗಡಿಗೂ ಅವನ ಅಂಗಡಿಗೂ ಒಂದೇ ಗೋಡೆ, ಗಿರಾಕಿಗೆ ನಾನು ಹೇಳಿದ್ದೆಲ್ಲ ಅವನ ಹೊಲಿಗೆ ಮಿಷನ್ನಿಗೂ ಬಾಯಿಪಾಠ, ಅದೇನಯ್ಯಾ ನೀನು, ಗಲ್ಲಕ್ಕೆ ನೊರೆ ಹಚ್ಚಿ ಕುತ್ತಿಗೆ ಮೇಲೆ ಕತ್ತಿ ಇಟ್ಟು ದೇವರಿದ್ದಾನೆ ಅಂತೀಯ, ಆಗ ಇಲ್ಲ ಅನ್ನೋಕೆ ಯಾವನಿಗೆ ಧೈರ್ಯ ಬರುತ್ತೆ, ಅಂತ ಗೋಡೆಯಾಚೆಯಿಂದಲೇ ಕೂಗುತ್ತಿದ್ದ, ಗಿರಾಕಿಗಳು ನೊರೆಯೊಳಗೇ ನಗುತ್ತಿದ್ದರು, ಕೂದಲು ತೆಗೆಯೋನೂ ಇವನೇ ತಲೆ ತಿನ್ನೋನೂ ಇವನೇ ಅಂತ, ನಾನೂ ನಗುತ್ತಿದ್ದೆ, ನಕ್ಕು ಕತ್ತಿ ಒರೆಸಿಕೊಂಡು ಮತ್ತೆ ಬಿಟ್ಟಲ್ಲಿಂದಲೇ ಹಿಡಿಯುತ್ತಿದ್ದೆ — ಆಗ ನನ್ನ ಮಗಳು ಇನ್ನೂ ಒಂದನೇ ಕ್ಲಾಸು ಸಾರ್, ನನ್ನ ಹೆಂಡತಿ ಆಸ್ಪತ್ರೆಯಲ್ಲಿ, ಡಾಕ್ಟರು ಕೈಚೆಲ್ಲಿದ್ದರು, ನಾನು ಸುಮ್ಮನೆ ನಡೀತಾ ಇದ್ದೆ, ಎಲ್ಲಿಗೆ ಅಂತ ಗೊತ್ತಿಲ್ಲದೆ, ಒಂದು ಚರ್ಚಿನ ಬಾಗಿಲು ತೆಗೆದಿತ್ತು, ಹೋಗಿ ಕೊನೇ ಬೆಂಚಿನಲ್ಲಿ ಕೂತೆ, ಕಸ ಗುಡಿಸೋ ಅಜ್ಜಿಯೊಬ್ಬಳು ಒಂದು ಲೋಟ ನೀರು ತಂದುಕೊಟ್ಟಳು, ಯಾರಪ್ಪಾ ನೀನು ಅಂತಲೂ ಕೇಳಲಿಲ್ಲ, ನನ್ನ ಬೆಂಚು ಮಾತ್ರ ಬಿಟ್ಟು ಸುತ್ತ ಗುಡಿಸಿಕೊಂಡು ಹೋದಳು, ನನಗೆ ಪ್ರಾರ್ಥನೆ ಮಾಡೋಕೆ ಎಲ್ಲಿ ಬರುತ್ತಿತ್ತು, ಇವಳನ್ನ ಬಿಟ್ಟುಬಿಡು ಅಂದೆ ಅಷ್ಟೇ, ಸಾಲ ಕೊಟ್ಟವನ ಹತ್ತಿರ ಬೇಡಿಕೊಳ್ಳೋ ಹಾಗೆ, ಬಿಟ್ಟುಬಿಡು, ಬಿಟ್ಟ ಸಾರ್, ಯೇಸು ಬಿಟ್ಟುಕೊಟ್ಟ. ಅಲ್ಲಿಗೆ ಕತ್ತಿ ಗದ್ದದ ಕೆಳಗೆ ಬಂದಿರುತ್ತಿತ್ತು, ಹೇಳಿ ಹೇಳಿ ಎಷ್ಟು ಹದಕ್ಕೆ ಬಂದಿತ್ತೆಂದರೆ ಕಥೆ ಮುಗಿಯೋದಕ್ಕೂ ಶೇವಿಂಗ್ ಮುಗಿಯೋದಕ್ಕೂ ಸರಿಹೋಗುತ್ತಿತ್ತು, ಚರ್ಚಿನ ಸಭೆಯಲ್ಲೂ ಅದನ್ನೇ ಹೇಳಿಸುತ್ತಿದ್ದರು, ಅಣ್ಣನವರು ದೇವರು ಮಾಡಿದ್ದಕ್ಕೆ ತಮ್ಮ ಸಾಕ್ಷಿ ಹೇಳಲಿ ಅಂತ, ನಾನು ಎದ್ದು ನಿಂತರೆ ನನ್ನವಳು ಹೆಂಗಸರ ಸಾಲಿನಲ್ಲಿ ತಲೆ ತಗ್ಗಿಸಿ ಸೆರಗಿನ ಅಂಚು ಎಳೆಯುತ್ತಿದ್ದಳು, ಮನೆಗೆ ಬಂದ ಮೇಲೆ ಅನ್ನುತ್ತಿದ್ದಳು, ಸಾಯ್ತಾ ಇದ್ದವಳು ನಾನು, ಹೆಸರು ಮಾಡಿದೋರು ನೀವು.

ಇವಳು ಯಾರಿಗೂ ಏನೂ ಹೇಳಿದವಳಲ್ಲ. ನೀವು ಹೇಳ್ಕೊಳ್ಳಿ, ನಾನು ಪಾತ್ರೆ ತೊಳ್ಕೊಂಡಿರ್ತೀನಿ — ತೊಳೆದದ್ದು ನಮ್ಮ ಮನೆಯದೊಂದೇ ಅಲ್ಲ, ಕಾಯಿಲೆ ಬಿದ್ದವರ ಮನೆಯದು, ಹೆರಿಗೆಯಾದವರ ಮನೆಯದು, ಇದೇ ಟೈಲರ್ ಅತ್ತೆ ಹಾಸಿಗೆ ಹಿಡಿದಾಗ ದಿನಾ ಮಧ್ಯಾಹ್ನ ಬಂದು ಆ ಮುದುಕಿಯ ಸಿಕ್ಕುಗಟ್ಟಿದ ತಲೆ ಬಾಚಿ ಜಡೆ ಹಾಕಿ ಹೋಗುತ್ತಿದ್ದಳಂತೆ, ನನಗೆ ಗೊತ್ತೇ ಇರಲಿಲ್ಲ, ಇವಳ ಮಣ್ಣಿನ ದಿನ ಟೈಲರ್ ಹೆಂಡತಿ ಹೇಳಿ ಅತ್ತಾಗಲೇ ಗೊತ್ತಾದದ್ದು, ನಮ್ಮಮ್ಮನಿಗೆ ಕೊನೇಲಿ ಮಗಳ ಗುರುತೇ ಸಿಗ್ತಿರಲಿಲ್ಲ ಅಣ್ಣಾ, ಬಾಚಣಿಗೆಯವಳು ಬಂದ್ಲಾ ಅಂತ ಮಾತ್ರ ಕೇಳೋಳು. ಹೋಗಿಬಿಟ್ಟಳು ಬಾಚಣಿಗೆಯವಳು. ಬಿಟ್ಟುಕೊಟ್ಟವನೇ ಮತ್ತೆ ತಗೊಂಡ, ಅದೇ ಕಾಯಿಲೆ, ಇಷ್ಟು ವರ್ಷ ಎಲ್ಲಿ ಅಡಗಿತ್ತೋ, ಈ ಸಲ ಮೊದಲ ಬೆಂಚಿನಲ್ಲಿ ಕೂತು ಕೇಳಿದೆ, ಸಭೆಯವರೆಲ್ಲ ಕೇಳಿದರು, ಮಗಳು ಬಸಿರಿ, ಹೊಟ್ಟೆ ಹಿಡಿದುಕೊಂಡು ಮೊಣಕಾಲೂರಿ ಕೇಳಿದಳು, ಏನೂ ಆಗಲಿಲ್ಲ. ಅಂಗಡಿ ಮತ್ತೆ ತೆಗೆದ ದಿನ ಕನ್ನಡಿ ಒರೆಸಿದೆ, ಕುರ್ಚಿ ಒರೆಸಿದೆ, ಮೊದಲನೇ ಗಿರಾಕಿಗೆ ನೊರೆ ಹಚ್ಚಿದೆ, ಬಾಯಿಗೆ ಬೀಗ ಹಾಕಿದ ಹಾಗೆ, ಏನು ಪಾದ್ರಿ ಇವತ್ತು ಪ್ರಸಂಗ ಇಲ್ವಾ ಅಂದವನು ತಕ್ಷಣ ನಾಲಿಗೆ ಕಚ್ಚಿಕೊಂಡ, ಆಮೇಲೆ ಯಾರೂ ಕೇಳಲಿಲ್ಲ, ಗೋಡೆಯಾಚೆ ಟೈಲರ್ ಕೂಡ ಚುಡಾಯಿಸಲಿಲ್ಲ, ಅವನು ಒಂದೇ ಒಂದು ಸಲ ಚುಡಾಯಿಸಿದ್ದರೆ ಬೈದಾದರೂ ಬಾಯಿ ತೆಗೆಯುತ್ತಿದ್ದೆನೋ ಏನೋ. ಚರ್ಚಿಗೆ ಹೋಗುತ್ತೇನೆ, ಹಾಡಿಗೆ ಎಲ್ಲರ ಜೊತೆ ಎದ್ದು ನಿಲ್ಲುತ್ತೇನೆ, ಕೂರುತ್ತೇನೆ, ಬರುತ್ತೇನೆ. ಸಾಕ್ಷಿ ಹೇಳಿ ಅಂತ ಯಾರೂ ಕರೆಯೋದಿಲ್ಲ, ಅವರಿಗೂ ಮುಜುಗರ, ಗುಣವಾದವಳ ಕಥೆಯಲ್ಲಿ ಗುಣವಾದವಳೇ ಇಲ್ಲ. ಇವತ್ತು ಟೈಲರ್ ಬಂದವನು ಕುರ್ಚಿಯಲ್ಲಿ ಕೂರಲಿಲ್ಲ, ಟೇಪನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ನಿಂತ, ನಮ್ಮವಳು ನಿನ್ನನ್ನ ಕರೀತಿದ್ದಾಳೆ, ಕತ್ತಿ ತಗೊಂಡು ಬಾ, ಅಂದ, ಅವನ ಮುಖ ನೋಡಿ ಯಾಕೆ ಅಂತ ಕೇಳಲಿಲ್ಲ, ಯಾಕೆ ಅನ್ನೋದು ನನಗೆ ಗೊತ್ತಿಲ್ಲದ ಮುಖವಾ ಅದು, ನನ್ನ ಕನ್ನಡಿಯಲ್ಲೇ ನೋಡಿದ್ದೇನೆ ಅದನ್ನ.

ಕತ್ತರಿ ಕೆಲಸ ಮುಗಿಯಿತು, ಇನ್ನು ಕತ್ತಿ, ಹೊಸ ಬ್ಲೇಡು, ಚರ್ಮ ಕಾಗದದ ಹಾಗಾಗಿರುತ್ತೆ ಇವರಿಗೆ, ಕೈ ಹಗುರ ಇರಬೇಕು, ತಲೆ ಸ್ವಲ್ಪ ಬಗ್ಗಿಸಮ್ಮಾ, ಎಡಗೈ ನೆತ್ತಿಯ ಮೇಲಿಟ್ಟು ಹಿಡಿದೆ — ಬೆಚ್ಚಗಿದೆ — ನನ್ನವಳ ತಲೆಯೂ ಹೀಗೇ, ಬೇಡ, ಈಗ ಅದು ಬೇಡ, ಕತ್ತಿ ನೋಡು, ಕಿವಿಯ ಹಿಂದೆ ನೋಡು. ಅಣ್ಣಾ, ಅಂದಳು ಟೈಲರ್ ಹೆಂಡತಿ, ಕಿಟಕಿ ಕಡೆಯಿಂದ ಮುಖ ತಿರುಗಿಸದೆ, ಆ ಕಥೆ ಹೇಳಿ. ಬಾಗಿಲಿಂದ ಟೈಲರ್, ಈಗ ಅದೆಲ್ಲ ಯಾಕೇ, ಸುಮ್ನೆ ಕೂತ್ಕೋಬಾರ್ದಾ. ಅವಳು, ನೀವು ಸುಮ್ನಿರಿ, ನಾನು ಅಣ್ಣನ್ನ ಕೇಳ್ತಿರೋದು. ಸರಿ, ಹೇಳಿದರಾಯಿತು, ಬಾಯಿಗೆ ರೂಢಿ ಇದೆಯಲ್ಲ, ಆಗ ನನ್ನ ಮಗಳು ಇನ್ನೂ ಒಂದನೇ ಕ್ಲಾಸು, ಅಂತ ಶುರು ಮಾಡಿದೆ, ನನ್ನ ಹೆಂಡತಿ ಆಸ್ಪತ್ರೆಯಲ್ಲಿ, ಅಲ್ಲಿಗೆ ನಿಂತುಹೋಯಿತು, ಕತ್ತಿಯನ್ನೂ ಎತ್ತಿ ಹಿಡಿದೆ. ಅದಲ್ಲ ಅಣ್ಣಾ, ಅದನ್ನ ಗೋಡೆಯಾಚೆ ಗುಂಡಿ ಹೊಲೀತಾ ನೂರು ಸಲ ಕೇಳಿದ್ದೀನಿ, ನನಗೆ ಬೇಕಿರೋದು ಅದರ ಮುಂದಿಂದು. ಮುಂದಿಂದು ಏನಮ್ಮಾ, ಮುಂದೆ ಹೋಗಿಬಿಟ್ಟಳು. ಹೋಗಿದ್ದು ಗೊತ್ತು, ಮಣ್ಣಿಗೆ ನಾನೂ ಬಂದಿದ್ನಲ್ಲ, ಹೇಗೆ ಹೋದ್ಲು ಅಂತ ಹೇಳಿ, ಇಲ್ಲಿ ಬರೋರೆಲ್ಲ ನೀನು ಹುಷಾರಾಗ್ತೀಯ, ಹುಷಾರಾಗ್ತೀಯ ಅಂತಾರೆ, ಒಬ್ಬರೂ ಅದನ್ನ ಹೇಳಲ್ಲ. ಏನು ಹೇಳಲಿ, ಸಭೆಯಲ್ಲಿ ಹೇಳುವ ಹಾಗೆ, ಶಾಂತವಾಗಿ ಕರ್ತನ ಬಳಿಗೆ ಹೋದಳು ಅನ್ನಲೇ, ಪಾದ್ರಿಗಳು ಹಾಗೇ ಹೇಳಿದ್ದರು, ನಾನೂ ತಲೆಯಾಡಿಸಿದ್ದೆ, ಈ ತಲೆಯ ಮೇಲೆ ಕೈಯಿಟ್ಟುಕೊಂಡು ಅದನ್ನು ಹೇಳೋಕಾಗೋಲ್ಲ, ಹೇಳಿದೆ — ಅಡುಗೆಮನೆಯ ಸ್ಟೂಲಿನ ಮೇಲೆ ಕೂರಿಸಿ ನಾನೇ ಬೋಳಿಸಿದೆನಮ್ಮಾ ಅವಳಿಗೆ, ಊರವರ ತಲೆಯೆಲ್ಲ ಹಿಡಿದ್ರಿ, ನನ್ನ ಸರದಿ ಈಗ ಬಂತು ಅಂತ ನಕ್ಕಳು, ಹಿಂದಲೆಯಲ್ಲಿ ಒಂದು ಸಣ್ಣ ತಗ್ಗು ಇತ್ತು, ಹೆಬ್ಬೆರಳು ಕೂರುವಷ್ಟು, ಚಿಕ್ಕವಳಿದ್ದಾಗ ಮೆಟ್ಟಿಲಿಂದ ಬಿದ್ದದ್ದಂತೆ, ಅಷ್ಟು ವರ್ಷ ಸಂಸಾರ ಮಾಡಿ ನಾನು ನೋಡೇ ಇರಲಿಲ್ಲ, ಕೂದಲಿನ ಅಡಿಯಲ್ಲಿತ್ತು, ಕೊನೇ ದಿನ ಮಧ್ಯಾಹ್ನ, ಹೊರಗೆ ಬಿಸಿಲು, ಇದ್ದಕ್ಕಿದ್ದ ಹಾಗೆ ನನ್ನ ಅಂಗಿ ಹಿಡಿದುಕೊಂಡು, ಭಯ ಆಗ್ತಿದೆ ರೀ, ಅಂದಳು. ಅವಳು ಭಯ ಅಂದದ್ದೇ ನಾನು ಕೇಳಿರಲಿಲ್ಲ. ಏನೂ ತೋಚದೆ ಬೈಬಲಿನ ವಾಕ್ಯ ಹೇಳೋಕೆ ಶುರು ಮಾಡಿದೆ, ಹೆದರಬೇಡ ಅಂತ, ಎಷ್ಟು ಗಿರಾಕಿಗಳಿಗೆ ಹೇಳಿಲ್ಲ ಅದನ್ನ, ಅವಳು, ವಾಕ್ಯ ಬೇಡ ರೀ, ಕೈ ಇಡಿ, ಅಂದಳು. ಇಟ್ಟೆ. ತಲೆ ಮೇಲೆ. ತೆಗೆಯಲಿಲ್ಲ.

ನಾನು ಬೋಳಿಸುತ್ತಾ ಹೋದೆ, ಕಿವಿಯ ಹಿಂದೆ, ಹೆಡಕಿನ ಮೇಲೆ, ಒಂದೊಂದೇ ಗೆರೆ ಬೆಳ್ಳಗೆ ಬಿಚ್ಚಿಕೊಳ್ಳುತ್ತ, ಆಮೇಲೆ ಟೈಲರ್ ಹೆಂಡತಿ ಕೇಳಿದಳು, ಆಗ ನಿಮ್ಮ ಯೇಸು ಬಂದಿದ್ನಾ ಅಣ್ಣಾ. ಗೊತ್ತಿಲ್ಲಮ್ಮಾ, ನನಗೆ ಕಾಣಲಿಲ್ಲ, ನಾನಿದ್ದೆ, ನನ್ನ ಕೈ ಇತ್ತು, ಅವಳು ಮಾತ್ರ ಕೊನೆಗೆ ಅಂಗಿ ಬಿಟ್ಟಳು, ಹಿಡಿತ ಸಡಿಲ ಮಾಡಿ ನನ್ನ ಹಿಂದೆ ಯಾರನ್ನೋ ನೋಡಿದ ಹಾಗೆ ನೋಡಿದಳು, ಯಾರು ಅಂತ ನಾನು ತಿರುಗಿ ನೋಡಲಿಲ್ಲ, ಅವಳ ಮೇಲಿಂದ ಕಣ್ಣು ತೆಗೆಯೋಕೆ ಮನಸ್ಸು ಬರಲಿಲ್ಲ. ಇಷ್ಟೇ ಇರೋದು ನನ್ನ ಹತ್ತಿರ. ಇಷ್ಟನ್ನು ಯಾರಿಗೂ ಹೇಳಿರಲಿಲ್ಲ, ಮಗಳಿಗೂ. ಟೈಲರ್ ಹೆಂಡತಿಯ ಹೆಗಲು ಬಿಳಿ ಬಟ್ಟೆಯ ಅಡಿಯಲ್ಲಿ ಅಲುಗತೊಡಗಿತು, ನನಗೂ ಭಯ ಆಗ್ತಿದೆ ಅಣ್ಣಾ, ಅಂದಳು, ಇವರ ಹತ್ತಿರ ಹೇಳಿದ್ರೆ ಇವರು ಊಟ ಬಿಡ್ತಾರೆ ಅಂತ ಹೇಳಿಲ್ಲ. ಆಗ ಟೈಲರ್ ಬಾಗಿಲು ಬಿಟ್ಟು ಒಳಗೆ ಬಂದ, ಬಂದವನಿಗೆ ಏನು ಮಾಡಬೇಕೋ ತಿಳಿಯದು, ಬೋಗುಣಿ ಎತ್ತಿದ, ಇಟ್ಟ, ಟವೆಲು ಮಡಿಸಿದ, ಕೋಟಿಗೆ ಕಾಲರ್ ಕೂರಿಸುವ ಬೆರಳುಗಳು ಅವು, ಹೆಂಡತಿಯ ಹತ್ತಿರ ಬಂದು ಗಾಳಿಯಲ್ಲೇ ನಿಂತುಬಿಟ್ಟವು, ಮುಟ್ಟಿದರೆ ಒಡೆಯುತ್ತೇನೋ ಅನ್ನುವ ಹಾಗೆ. ನಾನು ಕತ್ತಿ ಮಡಿಸಿ ಕಿಟಕಿಯಲ್ಲಿಟ್ಟು ಅವನ ಕೈ ಹಿಡಿದು ಅವಳ ಒದ್ದೆ ನೆತ್ತಿಯ ಮೇಲಿಟ್ಟೆ. ಅವನು ತೆಗೆಯಲಿಲ್ಲ. ನಾನು ನೆಲದ ಕೂದಲು ಗುಡಿಸಿದೆ, ಅವರಿಬ್ಬರನ್ನು ಬಿಟ್ಟು ಸುತ್ತ.

ಮೆಟ್ಟಿಲ ತನಕ ಹಿಂದೆ ಬಂದ ಟೈಲರ್, ಕಣ್ಣು ಕೆಂಪಗೆ, ದನಿಯಲ್ಲಿ ಸಿಟ್ಟು, ಹಾಗಾದ್ರೆ ಮೊದಲನೇ ಸಲ ವಾಸಿಯಾಗಿದ್ದು ಸುಳ್ಳಾ ಪಾದ್ರಿ, ಅಂದ. ಅದೂ ನಿಜ ಕಣೋ. ಇದು? ಇದೂ ನಿಜ. ನಮ್ಮವಳಿಗೆ ಯಾವುದು? ಅವನ ಕಣ್ಣು ನೋಡೋಕಾಗದೆ ಚೀಲದ ಜಿಪ್ಪು ನೋಡುತ್ತ, ಗೊತ್ತಿಲ್ಲ, ಅಂದೆ. ಇಷ್ಟು ವರ್ಷ ಗೋಡೆ ಬಿರಿಯೋ ಹಾಗೆ ಗೊತ್ತು ಗೊತ್ತು ಅಂದವನು. ಅವನು ಬೈಯಲಿಲ್ಲ, ನಗಲೂ ಇಲ್ಲ, ನಾಳೆನೂ ಬಾ, ಅಂದ. ಕೂದಲೇ ಉಳಿದಿಲ್ಲವಲ್ಲೋ. ಕೂದಲಿಗಲ್ಲ, ಅಂದು ಒಳಗೆ ಹೋದ. ಹೋಗಬೇಕು ನಾಳೆ, ಏನು ಹೇಳೋದು ಹೋಗಿ, ಏನೂ ಇಲ್ಲ, ಕೂತು ಬರೋದು, ಇವಳು ಹಾಗೇ ತಾನೇ ಮಾಡುತ್ತಿದ್ದದ್ದು, ಇವಳಿದ್ದಿದ್ದರೆ ಇವಳನ್ನೇ ಕಳಿಸಬಹುದಿತ್ತು, ಇವಳಿದ್ದಿದ್ದರೆ — ಬೀದಿಯಲ್ಲಿ ಬಿಸಿಲು, ಸ್ಕೂಲು ಬಿಟ್ಟ ಮಕ್ಕಳು, ಹಾರ್ನು, ಅಂಗಡಿಯ ಮುಂದೆ ಯಾರೋ ಕಾಯುತ್ತಿದ್ದಾರೆ, ಬಡಿಗನ ಅಪ್ಪ, ಎಷ್ಟು ಹೊತ್ತಯ್ಯಾ ಪಾದ್ರಿ, ಕೂದಲು ಇನ್ನೊಂದು ಅಂಗುಲ ಬೆಳೀತು, ಅಂತಾನೆ, ಬನ್ನಿ ಕೂತ್ಕೊಳ್ಳಿ, ಬಟ್ಟೆ ಹೊದಿಸಿದೆ, ಕತ್ತರಿ ತೆಗೆದೆ, ತಲೆ ಬಗ್ಗಿಸೋಕೆ ಎಡಗೈ ನೆತ್ತಿಯ ಮೇಲಿಟ್ಟೆ, ದಿನಕ್ಕೆ ಎಷ್ಟು ಸಲ ಇಡುತ್ತೇನೆ ಹೀಗೆ, ಇಟ್ಟ ಕೈ ಅಲ್ಲೇ ನಿಂತಿತು, ಏನಯ್ಯಾ, ಏನಾಯ್ತು, ಅನ್ನುತ್ತಿದ್ದಾನೆ ಮುದುಕ, ಕನ್ನಡಿಯಲ್ಲಿ ಅವನ ಬಾಯಿ ಆಡುತ್ತಿರುವುದು ಕಾಣುತ್ತೆ, ಏನಿಲ್ಲ ಅನ್ನಬೇಕು, ಹೆಬ್ಬೆರಳು ತನ್ನಷ್ಟಕ್ಕೆ ತಾನೇ ಹಿಂದಲೆಯಲ್ಲಿ ಹುಡುಕುತ್ತಿದೆ, ಇಲ್ಲಿ ಇಲ್ಲ, ಇವರ ಯಾರ ತಲೆಯಲ್ಲೂ ಇಲ್ಲ, ಆ ಮಧ್ಯಾಹ್ನ ಆ ತಗ್ಗಿನಲ್ಲಿ ಇಟ್ಟಿದ್ದೆ ಹೆಬ್ಬೆರಳು, ಅಂಗೈ ಅಡಿಯಲ್ಲಿ ಅವಳ ತಲೆ, ಬೆಚ್ಚಗೆ, ಆಮೇಲೆ ನನ್ನ ಅಂಗೈಯಷ್ಟೇ ಬೆಚ್ಚಗೆ, ಆಮೇಲೆ ಬೆಚ್ಚಗಿದ್ದದ್ದು ನನ್ನ ಅಂಗೈ ಮಾತ್ರ, ಆದರೂ ಇಟ್ಟೇ ಇದ್ದೆ, ಹೆಬ್ಬೆರಳು ಆ ತಗ್ಗಿನಲ್ಲಿ, ಅಂಗೈ ಅಡಿಯಲ್ಲಿ ಅವಳ ತಲೆ —