ನಲ್ಲಪ್ಪನ ಗೆರೆ

ಚಿಂತಾಮಣಿಯಲ್ಲಿ ಯಾರದೇ ಅಂಗಡಿ ತೆರೆಯಲಿ, ಆಟೋ ಮೇಲಿನ ಮೈಕಿನಲ್ಲಿ ಸುದ್ದಿ ಹೇಳುವ ಗಂಟಲು ನಲ್ಲಪ್ಪನದು. ಶಿಡ್ಲಘಟ್ಟ, ಗೌರಿಬಿದನೂರಿಗೂ ಅವನ ದನಿಯೇ ಹೋಗುತ್ತಿತ್ತು. ಅದಕ್ಕೇ ಅವನಿಗೆ ಕೋಡು ಬಂದಿತ್ತು. ಮಾತಿಗೆ ಮೊದಲು ಕೆಮ್ಮಿ ಎಲ್ಲರನ್ನೂ ಸುಮ್ಮನಾಗಿಸುತ್ತಿದ್ದ, ಮನೆಯಲ್ಲಿ ಉಪ್ಪು ಕೇಳುವಾಗಲೂ.

ರೆಕಾರ್ಡಿಂಗ್ ಅಂಗಡಿ ಮಧುಕುಮಾರನದು. ಅಂಗಡಿಗೆ ಕಂಪ್ಯೂಟರ್ ಬಂದ ಹೊಸತರಲ್ಲಿ ಅವನು ಪರದೆಯ ಮೇಲೊಂದು ಗೆರೆ ತೋರಿಸಿದ. ಎಡತುದಿ ಎತ್ತಿದರೆ ದನಿಗೆ ಗುಡುಗು, ಬಲತುದಿ ಎತ್ತಿದರೆ ಮಾತು ಚುರುಕು. ನಲ್ಲಪ್ಪ ಮಧ್ಯಾಹ್ನವಿಡೀ ಅಲ್ಲೇ ಕೂತು ತಿದ್ದಿಸಿದ.

"ಇನ್ನೊಂಚೂರು ಎತ್ತಪ್ಪ. ಎದೆಯಿಂದ ಬಂದಂಗಿರ್ಬೇಕು."

"ಸಾಕು ಬಿಡಣ್ಣ, ಇದು ನೀನೇ ಅಲ್ಲ."

"ನಾನೇ ಕಣೋ ಇದು! ಹಂಗೇ ಇಟ್ಕೊ. ದಿನಾ ಹೊಸದಾಗಿ ಯಾರು ಎಳೀತಾರೆ?"

ಮಧುಕುಮಾರ ಆ ಗೆರೆಯನ್ನು 'ನಲ್ಲಪ್ಪ' ಎಂಬ ಹೆಸರಿನಲ್ಲಿ ಉಳಿಸಿದ. ಅಂದಿನಿಂದ ರೆಕಾರ್ಡಿಂಗ್ ಮುಗಿದ ಮೇಲೆ ಆ ಫೈಲನ್ನು ತಂದು ಹಾಕಿದರಾಯಿತು, ಗುಡುಗು ಸಿದ್ಧ.

ಬರಬರುತ್ತಾ ನಲ್ಲಪ್ಪನಿಗೆ ಬರೀ ದನಿ ಸಾಲದಾಯಿತು. ಒಂದು ದಿನ ಸೀರೆ ಅಂಗಡಿಯ ಸುದ್ದಿ ಹೇಳಲು ಕೂತವನು ಕೇಳಿಯೇಬಿಟ್ಟ.

"ಕೊನೇಲಿ ಒಂದ್ ಮಾತು ಹಾಕು, ಹೇಳ್ದೋನು ನಲ್ಲಪ್ಪ ಅಂತ. ಅಷ್ಟೇ."

"ಜನ ಬರೋದು ಸೀರೆಗೆ ಕಣಣ್ಣ, ನಿನ್ ಹೆಸ್ರಿಗಲ್ಲ."

"ಹಂಗಾದ್ರೆ ಬೇರೆ ಗಂಟ್ಲು ಹುಡುಕ್ಕೊ!"

ತನ್ನ ಕೋಳಿ ಕೂಗಿದರೇನೇ ಬೆಳಗಾಗುವುದು ಎಂದುಕೊಂಡ ಮುದುಕಿಯ ಹಾಗೆ ಎದ್ದು ಬಂದ. ಹೆಂಡತಿ ಕೊಂಡಮ್ಮನಿಗೆ ಏನೂ ಹೇಳಲಿಲ್ಲ. ಮಧುಕುಮಾರ ಬಂದು ಕಾಲು ಹಿಡಿಯುವುದನ್ನು ಅವಳೇ ಕಣ್ಣಾರೆ ನೋಡಲಿ ಎಂದು ಕಾದ.

ಮಧುಕುಮಾರ ಬಸ್ ಸ್ಟ್ಯಾಂಡಿನಲ್ಲಿ ಎಳನೀರು ಮಾರುವ ತನ್ನ ಬಾಮೈದ ರಾಮಾಂಜಿನಪ್ಪನನ್ನು ಕರೆತಂದ. ನಲ್ಲಪ್ಪನ ಹಾಗೆ ಮಾತಿನ ಕೊನೆ ಎಳೆಯುವುದನ್ನು ಕಲಿಸಿದ. ಹೇಳಿಸಿ, ಅದರ ಮೇಲೆ ಉಳಿಸಿಟ್ಟ ಗೆರೆ ಹಾಕಿದ. ಪಕ್ಕದ ಟೀ ಅಂಗಡಿಯಿಂದ ಯಾರೋ ಇಣುಕಿ, "ನಲ್ಲಪ್ಪಣ್ಣ ಒಳಗವ್ರಾ?" ಎಂದು ಕೇಳಿದರು. ಬಾವ ಬಾಮೈದ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ನಲ್ಲಪ್ಪ ಅಯ್ಯೋ ಪಾಪ ಎನ್ನುವಷ್ಟು ಒಳ್ಳೆಯವನೇನಲ್ಲ. ಆದರೂ ಮಾರನೆಯ ಬೆಳಗ್ಗೆ ನಡೆದದ್ದನ್ನು ನೆನೆದರೆ ಕರುಳು ಚುರಕ್ಕೆನ್ನುತ್ತದೆ.

ಗಂಡ ಹೆಂಡತಿ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ಆಟೋ ಬೀದಿಗೆ ತಿರುಗಿತು. ಮೊದಲ ಮಾತಿಗೇ ನಲ್ಲಪ್ಪನಿಗೆ ತಿಳಿಯಿತು. ತನ್ನದೇ ಗುಡುಗು, ಒಳಗೆ ಇನ್ಯಾರೋ. ಕೊಂಡಮ್ಮನ ಕೈ ನಿಂತಿತು. ಮುಖ ಅರಳಿತು.

"ಇಷ್ಟು ವರ್ಸದಲ್ಲಿ ಇದೊಂದು ಚೆನ್ನಾಗಿ ಹೇಳಿದೀಯ ಕಣಯ್ಯ. ಆ ಕರಕರ ಹೋಗೈತೆ. ಇನ್ಮೇಲೆ ಹಿಂಗೇ ಹೇಳು."

ಅದು ನಾನಲ್ಲ ಎನ್ನಲು ನಲ್ಲಪ್ಪ ಕೆಮ್ಮಿದ.

"ಥೂ, ಸುಮ್ಕಿರು," ಎಂದಳು ಕೊಂಡಮ್ಮ, ಆಟೋ ಹೋದ ಕಡೆಗೆ ಕಿವಿಯಿಟ್ಟು. "ನೀನು ಹೇಳೋದು ಕೇಳಿಸ್ತಾ ಇಲ್ಲ."