ತೂಕ ಮೊದಲು, ವಯಸ್ಸು ಆಮೇಲೆ

ಮಕ್ಕಳ ಆಸ್ಪತ್ರೆಯ ಕಂಪ್ಯೂಟರ್ ಕೋಣೆಯಲ್ಲಿ ಇದ್ದದ್ದು ನಾವಿಬ್ಬರೇ. ನರ್ಸುಗಳು ಬಳಸುವ ಕಂಪ್ಯೂಟರ್ ಪರದೆಗಳ ಕೋಡ್ ಬರೆಯುವವಳು ನಾನು. ಡೇಟಾಬೇಸ್ ನೋಡಿಕೊಳ್ಳುವವರು ಅಕ್ಕ. ಹದಿನಾಲ್ಕು ವರ್ಷ ವಾರ್ಡಿನಲ್ಲಿ ನರ್ಸಾಗಿದ್ದು, ಬೆನ್ನುನೋವಿನಿಂದ ಹೆಚ್ಚು ಹೊತ್ತು ನಿಲ್ಲಲಾಗದೆ, ನಲವತ್ತು ದಾಟಿದ ಮೇಲೆ ಈ ವಿದ್ಯೆ ಕಲಿತವರು. ದೊಡ್ಡ ಡಾಕ್ಟರೂ ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದರು.

ಮಗುವಿಗೆ ಎಷ್ಟು ಔಷಧಿ ಎಂದು ಲೆಕ್ಕ ಹಾಕುವ ಪುಟ್ಟ ಪ್ರೋಗ್ರಾಂ, ನಮ್ಮ ಮಾತಲ್ಲಿ ಪ್ರೊಸೀಜರ್, ಒಂದನ್ನು ಅಕ್ಕ ಬರೆದು ಡೇಟಾಬೇಸಿನಲ್ಲಿ ಇಟ್ಟಿದ್ದರು. ನನ್ನ ಪರದೆ ಅದಕ್ಕೆ ಎರಡು ಸಂಖ್ಯೆ ಕಳಿಸಬೇಕಿತ್ತು: ಮೊದಲು ತೂಕ, ಆಮೇಲೆ ವಯಸ್ಸು.

"ಒಂದೊಂದಕ್ಕೂ ಹೆಸರು ಹಚ್ಚಿ ಕಳಿಸಮ್ಮ," ಎಂದಿದ್ದರು ಅಕ್ಕ. "ಬರೀ ಸಾಲಾಗಿ ಕಳಿಸಿದ್ರೆ ಮೊದಲು ಬಂದಿದ್ದೇ ತೂಕ ಅಂದ್ಕೊಳ್ಳುತ್ತೆ ಅದು. ಅದಕ್ಕೇನು ಕಣ್ಣಿದ್ಯಾ?"

ಇರುವುದೇ ಎರಡು, ಇವಕ್ಕೆ ಹೆಸರೊಂದು ಕೇಡು ಎಂದುಕೊಂಡು ನಾನು ಸಾಲಾಗಿಯೇ ಕಳಿಸಿದೆ.

ಪ್ರಯೋಗದ ದಿನ ಬೆಳಿಗ್ಗೆ ವಾರ್ಡಿನ ಸಿಸ್ಟರ್ ಹಳೆಯ ಕೇಸ್‌ಶೀಟೊಂದನ್ನು ತಂದು ಕೂತರು. ವಯಸ್ಸು ಒಂಬತ್ತು, ತೂಕ ಇಪ್ಪತ್ತನಾಲ್ಕು ಕಿಲೋ. ಗುಂಡಿ ಒತ್ತಿದ ತಕ್ಷಣ ಉತ್ತರ ಬಂತು: ನೂರ ಮೂವತ್ತೈದು ಮಿಲಿಗ್ರಾಂ. ನಾನು ಬೀಗುತ್ತ ಅಕ್ಕನ ಮುಖ ನೋಡಿದೆ.

ಅಕ್ಕ ಪರದೆ ನೋಡಲೇ ಇಲ್ಲ. ಕೇಸ್‌ಶೀಟಿನ ಮೇಲೆ ಬೆರಳಿಟ್ಟು ಬಾಯಲ್ಲೇ ಗುಣಿಸಿದರು. "ಕಿಲೋಗೆ ಹದಿನೈದು... ಮುನ್ನೂರ ಅರವತ್ತು ಬರ್ಬೇಕಿತ್ತಲ್ಲ? ಒಂಬತ್ತು ಕಿಲೋ ಮಗುಗೆ ಕೊಟ್ಟಿದೆ ಇದು."

ನಾನು ಕೋಡ್ ತೆರೆದು ನೋಡಿದೆ. ಪರದೆಯಲ್ಲಿ ವಯಸ್ಸಿನ ಜಾಗ ಮೇಲಿತ್ತು. ಅದೇ ಕ್ರಮದಲ್ಲಿ ಕಳಿಸಿಬಿಟ್ಟಿದ್ದೆ. ಎರಡೂ ಸಂಖ್ಯೆಗಳೇ ಆದ್ದರಿಂದ ಡೇಟಾಬೇಸ್ ಚಕಾರವೆತ್ತಿರಲಿಲ್ಲ.

ಮಧ್ಯಾಹ್ನ ದೊಡ್ಡ ಡಾಕ್ಟರ ಕೋಣೆಗೆ ಕರೆ ಬಂತು. ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಹೇಳಿದರು: "ಅವಳು ಅದಲುಬದಲು ಕಳಿಸಿದ್ಳು, ನಿಜ. ಆದ್ರೆ ಮಕ್ಕಳಾಸ್ಪತ್ರೇಲಿ ವಯಸ್ಸು ಇಪ್ಪತ್ತನಾಲ್ಕು ಅಂತ ಬಂದಾಗ ನನ್ನ ಪ್ರೊಸೀಜರ್ ಬಾಯಿ ಮುಚ್ಕೊಂಡು ಲೆಕ್ಕ ಹಾಕ್ತಲ್ಲ, ಅದು ನನ್ನ ತಪ್ಪು. ಎರಡೂ ಸರಿಮಾಡ್ತೀವಿ. ಒಂದು ವಾರ ಕೊಡಿ."

ಡಾಕ್ಟರು ಕೊಟ್ಟರು.

ಹೊರಬಂದ ಮೇಲೆ ಕೇಳಿದೆ, "ಅಕ್ಕ, ನೀವು ನನಗೆ ಒಂದು ಮಾತೂ ಬೈಲಿಲ್ವಲ್ಲ?"

"ನಾನು ಹೊಸಬಳಾಗಿದ್ದಾಗ ಒಬ್ಬರು ವಾರ್ಡೆಲ್ಲ ಕೇಳೋ ಹಾಗೆ ಕೂಗಾಡಿದ್ರು. ಯಾವ ತಪ್ಪಿಗೆ ಅಂತ ಇವತ್ತಿಗೂ ನೆನಪಿಲ್ಲ ನೋಡು. ಕೂಗಿದ್ದೊಂದೇ ನೆನಪಿದೆ."

ಆ ವಾರ ನನ್ನ ಕೋಡಿನಲ್ಲಿ ಪ್ರೊಸೀಜರುಗಳನ್ನು ಕರೆಯುವ ಎಪ್ಪತ್ತೆರಡು ಕಡೆಗಳನ್ನೂ ತೆರೆದು, ಪ್ರತಿ ಮೌಲ್ಯಕ್ಕೂ ಹೆಸರು ಹಚ್ಚಿದೆ. ಇನ್ನೆರಡು ಕಡೆ ಇಂಥದ್ದೇ ತಪ್ಪು ಸಿಕ್ಕಿತು; ನಾನೇ ಹೋಗಿ ಅಕ್ಕನಿಗೆ ತೋರಿಸಿದೆ. ಅತ್ತ ಅಕ್ಕ ಬೆನ್ನಿಗೊಂದು ದಿಂಬು ಕೊಟ್ಟುಕೊಂಡು, ಯಾವ ವಯಸ್ಸಿಗೆ ಎಷ್ಟು ತೂಕ ಇರಬಹುದೆಂದು ಡಾಕ್ಟರನ್ನು ಕೇಳಿ ಕೇಳಿ, ಹೊಂದದ ಸಂಖ್ಯೆ ಬಂದರೆ ಉತ್ತರ ಕೊಡದೆ ನಿಲ್ಲುವಂತೆ ಪ್ರೊಸೀಜರನ್ನು ತಿದ್ದಿದರು.

ಮುಂದಿನ ಸೋಮವಾರ ಸಿಸ್ಟರ್ ಐವತ್ತು ಕೇಸ್‌ಶೀಟ್ ತಂದರು. ಐವತ್ತೂ ತಾಳೆಯಾದವು. ಆದರೂ ಪ್ರತಿಯೊಂದನ್ನೂ ಅಕ್ಕ ಬಾಯಲ್ಲಿ ಗುಣಿಸಿ ನೋಡಿದರು. ಪಕ್ಕದಲ್ಲಿ ಕೂತು ನಾನೂ ಗುಣಿಸಿದೆ, ಅವರಿಗಿಂತ ತುಸು ನಿಧಾನವಾಗಿ.